ಪಯಣಿಗನ ಹಣ

ಮನುಷ್ಯನು ತನ್ನ ಊರಿನಲ್ಲಿ ಇರುವವರೆಗೆ ಅವನ ಹೆಸರೇ ಅವನಿಗೆ ಅರ್ಧ ಹಣ. ಅಂಗಡಿಯವನು ಅವನ ಮನೆತನವನ್ನು ಬಲ್ಲನು. ಕೈಯಲ್ಲಿ ಕಾಸಿಲ್ಲದ ದಿನವೂ ಲೆಕ್ಕ ಬರೆದುಕೊಂಡು ಸಾಮಾನು ಕೊಡುವನು. ಆದರೆ ಊರ ಗಡಿಯನ್ನು ದಾಟಿದೊಡನೆ ಈ ಅನುಕೂಲವು ಮುಗಿಯುತ್ತದೆ. ಪರಸ್ಥಳದಲ್ಲಿ ಅವನ ಹೆಸರನ್ನು ಕೇಳುವವರಿಲ್ಲ, ಅವನ ಮಾತನ್ನು ನಂಬುವವರಿಲ್ಲ. ಅಲ್ಲಿ ಅವನ ಪರವಾಗಿ ಮಾತನಾಡುವುದು ಅವನು ತಂದ ಹಣವೊಂದೇ. ಆದುದರಿಂದಲೇ ದೂರ ಪ್ರಯಾಣಕ್ಕೆ ಹೊರಡುವವನಿಗೆ ಹಣವನ್ನು ಹೇಗೆ ಒಯ್ಯಬೇಕೆಂಬ ಚಿಂತೆಯು ಬಹು ಹಿಂದಿನಿಂದಲೂ ಇದ್ದೇ ಇದೆ. ನಾಣ್ಯಗಳ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ಕಳ್ಳಕಾಕರ ಭಯ. ಕಳ್ಳರಿಂದ ತಪ್ಪಿಸಿಕೊಂಡು ಗುರಿಯನ್ನು ಮುಟ್ಟಿದರೆ, ಅಲ್ಲಿ ಆ ನಾಣ್ಯವು ಚಲಾವಣೆಯಾಗದೆಂಬ ಮತ್ತೊಂದು ತೊಡಕು. ಈ ಎರಡು ಕಷ್ಟಗಳಿಂದ ಪಾರಾಗಲು ಮಾನವನು ಕಾಲಕಾಲಕ್ಕೆ ಕಂಡುಕೊಂಡ ಉಪಾಯಗಳ ಕಥೆಯು ಬಹಳ ಸ್ವಾರಸ್ಯವಾದುದು. ಆ ಸಾಲಿನಲ್ಲಿ ತೀರ ಈಚಿನದು ಕ್ರಿಪ್ಟೋ ನಾಣ್ಯ. ಲೋಹವೂ ಕಾಗದವೂ ಇಲ್ಲದ, ಯಾವ ಸರಕಾರದ ಮುದ್ರೆಯೂ ಇಲ್ಲದ ಈ ಹಣದಿಂದ ಇಂದು ವಿಮಾನದ ಟಿಕೆಟನ್ನು ಕೊಳ್ಳಬಹುದು, ಪರದೇಶದ ಹೋಟೆಲಿನಲ್ಲಿ ಕೋಣೆಯನ್ನು ಕಾದಿರಿಸಬಹುದು. ಇದು ಹೇಗೆ ಸಾಧ್ಯವಾಯಿತು? ಇದರಿಂದ ಪಯಣಿಗನಿಗೆ ದೊರೆತ ಲಾಭವೇನು, ಅವನು ಕಳೆದುಕೊಳ್ಳಬಹುದಾದುದೇನು?

ಈ ಪ್ರಶ್ನೆಗಳಿಗೆ ಉತ್ತರವನ್ನು ಅರಿಯಬೇಕಾದರೆ ಮೊದಲು ಹಿಂದಿನ ಉಪಾಯಗಳನ್ನು ತಿಳಿಯಬೇಕು. ಭಾರತದಲ್ಲಿ ವರ್ತಕರು ನೂರಾರು ವರ್ಷಗಳ ಕಾಲ ಬಳಸಿದ ಸಾಧನವೆಂದರೆ ಹುಂಡಿ. ಇಲ್ಲಿ ಹುಂಡಿಯೆಂದರೆ ದೇವಾಲಯದಲ್ಲಿ ಕಾಣಿಕೆ ಹಾಕುವ ಪೆಟ್ಟಿಗೆಯಲ್ಲ. ಒಬ್ಬ ಸಾಹುಕಾರನು ದೂರದ ಊರಿನಲ್ಲಿರುವ ತನ್ನ ಪ್ರತಿನಿಧಿಗೆ ಬರೆದುಕೊಡುವ ಹಣದ ಪತ್ರ. ಆಗ್ರಾ ನಗರದ ವರ್ತಕನು ಅಲ್ಲಿಯ ಸಾಹುಕಾರನಿಗೆ ಹಣವನ್ನು ಕಟ್ಟಿ ಹುಂಡಿಯನ್ನು ಪಡೆದು ಸೂರತ್ತಿಗೆ ಹೋದರೆ, ಅಲ್ಲಿ ಅದನ್ನು ತೋರಿಸಿ ಹಣವನ್ನು ಪಡೆಯಬಹುದಾಗಿತ್ತು. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವ್ಯಾಪಾರಿ ಟಾವರ್ನಿಯೇನು ಈ ಪದ್ಧತಿಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಹುಂಡಿಯಲ್ಲಿ ಪಯಣಿಗನು ಹೊತ್ತೊಯ್ಯುತ್ತಿದ್ದುದು ಹಣವನ್ನಲ್ಲ, ಒಬ್ಬ ಸಾಹುಕಾರನ ಮಾತನ್ನು. ಆ ಮಾತಿಗೆ ಬೆಲೆಯಿರುವವರೆಗೆ ಆ ಕಾಗದಕ್ಕೂ ಬೆಲೆ.

ಯೂರೋಪಿನಲ್ಲಿಯೂ ಇದೇ ಬಗೆಯ ಪ್ರಯತ್ನಗಳು ನಡೆದವು. 1772ರಲ್ಲಿ ಲಂಡನ್ನಿನ ಒಂದು ಸಂಸ್ಥೆಯು ಯೂರೋಪಿನ ಅನೇಕ ನಗರಗಳಲ್ಲಿ ನಗದಾಗಬಲ್ಲ ಪತ್ರಗಳನ್ನು ಪ್ರವಾಸಿಗಳಿಗೆ ಮಾರತೊಡಗಿತು. ಪ್ರವಾಸವು ಶ್ರೀಮಂತರ ಸೊತ್ತಾಗಿದ್ದ ಕಾಲವು ಕಳೆದು ಸಾಮಾನ್ಯರೂ ಊರೂರು ನೋಡಹೊರಟಾಗ ಈ ಪತ್ರಗಳ ಬಳಕೆ ಹೆಚ್ಚಿತು. ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತನು 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋ ಎಂಬ ಊರಿಗೆ ಸುಮಾರು ಐನೂರು ಜನರನ್ನು ರೈಲಿನಲ್ಲಿ ಕರೆದೊಯ್ದು ಪ್ರವಾಸೋದ್ಯಮಕ್ಕೆ ನಾಂದಿ ಹಾಡಿದನು. ಅವನ ಸಂಸ್ಥೆಯು 1874ರಲ್ಲಿ ತನ್ನ ಪ್ರವಾಸಿಗಳಿಗಾಗಿ ಹಣದ ಪತ್ರಗಳನ್ನು ಹೊರಡಿಸಿತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯು ಪ್ರವಾಸಿ ಚೆಕ್ಕನ್ನು ಬಳಕೆಗೆ ತಂದಿತು. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಅಂಗಡಿಯವನ ಎದುರಿಗೆ ಮತ್ತೊಂದು ಸಹಿ. ಎರಡೂ ಹೊಂದಿದರೆ ಹಣ. ಚೆಕ್ಕು ಕಳೆದುಹೋದರೆ ಬೇರೊಂದನ್ನು ಕೊಡುವ ಹೊಣೆಯು ಸಂಸ್ಥೆಯದು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ಬಿನ ಕಾರ್ಡು ಬಂದಿತು. ಅನಂತರದ ದಶಕಗಳಲ್ಲಿ ಬ್ಯಾಂಕುಗಳ ಕಾರ್ಡುಗಳು ಪ್ರಪಂಚದ ಮೂಲೆಮೂಲೆಗೂ ಹರಡಿದವು.

ಹುಂಡಿಯಿಂದ ಕಾರ್ಡಿನವರೆಗೆ ಸಾಧನಗಳು ಬದಲಾದರೂ ಒಂದು ಅಂಶವು ಬದಲಾಗಲಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇಬ್ಬರೂ ನಂಬಬಹುದಾದ ಮೂರನೆಯವನೊಬ್ಬನು ಯಾವಾಗಲೂ ಇದ್ದನು. ಅವನು ಸಾಹುಕಾರನಾಗಿರಬಹುದು, ಪ್ರವಾಸ ಸಂಸ್ಥೆಯಾಗಿರಬಹುದು, ಬ್ಯಾಂಕಾಗಿರಬಹುದು. ಅವನು ಲೆಕ್ಕವನ್ನು ಇಡುತ್ತಿದ್ದನು, ತಪ್ಪಾದರೆ ತಿದ್ದುತ್ತಿದ್ದನು, ತನ್ನ ಶ್ರಮಕ್ಕೆ ಕೂಲಿಯನ್ನೂ ಪಡೆಯುತ್ತಿದ್ದನು. ಆದರೆ ಅವನನ್ನು ಆಶ್ರಯಿಸಿದವರೆಲ್ಲರೂ ಅವನ ಕಟ್ಟುಪಾಡಿಗೂ ಒಳಗಾಗಬೇಕಾಗಿತ್ತು. ಬ್ಯಾಂಕಿನಲ್ಲಿ ಖಾತೆಯಿಲ್ಲದವನಿಗೆ ಕಾರ್ಡಿಲ್ಲ. ಕಾರ್ಡು ಇದ್ದರೂ ಪರದೇಶದ ವ್ಯವಹಾರವೆಂದರೆ ನಾಣ್ಯ ವಿನಿಮಯದ ಖರ್ಚು ಬೇರೆ. ವ್ಯಾಪಾರಿಯಾದರೂ ಕಾರ್ಡಿನ ಸಂಸ್ಥೆಗೆ ತನ್ನ ಹುಟ್ಟುವಳಿಯ ಒಂದು ಪಾಲನ್ನು ಕೊಡಲೇಬೇಕು. ಅಮೆರಿಕದಂತಹ ದೇಶಗಳಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರಷ್ಟಾಗುತ್ತದೆ.

ಈ ಮೂರನೆಯವನನ್ನೇ ಕೈಬಿಟ್ಟು ಹಣವನ್ನು ಕೈಯಿಂದ ಕೈಗೆ ದಾಟಿಸಲು ಸಾಧ್ಯವೆ? ಎದುರುಬದುರು ನಿಂತವರಿಗೆ ನಾಣ್ಯದಿಂದ ಇದು ಸುಲಭ. ಆದರೆ ಸಾವಿರಾರು ಮೈಲಿ ದೂರದಲ್ಲಿರುವ ಇಬ್ಬರು ಗಣಕಯಂತ್ರದ ಮೂಲಕ ಹಣವನ್ನು ಸಾಗಿಸಬೇಕೆಂದರೆ ಒಂದು ದೊಡ್ಡ ಅಡಚಣೆಯಿದೆ. ಗಣಕಯಂತ್ರದಲ್ಲಿರುವುದೆಲ್ಲವೂ ಅಂಕಿಗಳು. ಅಂಕಿಗಳನ್ನು ಎಷ್ಟು ಬಾರಿ ಬೇಕಾದರೂ ನಕಲು ಮಾಡಬಹುದು. ಹೀಗಿರುವಾಗ ಒಂದೇ ನಾಣ್ಯವನ್ನು ಇಬ್ಬರಿಗೆ ಕೊಟ್ಟು ಮೋಸ ಮಾಡದಂತೆ ತಡೆಯುವುದು ಹೇಗೆ? ಬ್ಯಾಂಕು ಇದ್ದರೆ ಅದರ ಲೆಕ್ಕದ ಪುಸ್ತಕವೇ ತಡೆ. ಬ್ಯಾಂಕಿಲ್ಲದಿದ್ದರೆ? 2008ರ ಅಕ್ಟೋಬರ್ 31ರಂದು ಸತೋಶಿ ನಕಮೋಟೋ ಎಂಬ ಹೆಸರಿನಲ್ಲಿ ಹೊರಬಂದ ಒಂಬತ್ತು ಪುಟಗಳ ಒಂದು ಪ್ರಬಂಧವು ಈ ಪ್ರಶ್ನೆಗೆ ಉತ್ತರವನ್ನು ಸೂಚಿಸಿತು. ಆ ಹೆಸರಿನ ಹಿಂದೆ ಇರುವವರು ಯಾರೆಂಬುದು ಖಚಿತವಾಗಿ ಬಯಲಾಗಿಲ್ಲ. ಪ್ರಬಂಧದಲ್ಲಿ ವಿವರಿಸಿದ ಬಿಟ್‌ಕಾಯಿನ್ ಎಂಬ ನಾಣ್ಯದ ವ್ಯವಸ್ಥೆಯು 2009ರ ಜನವರಿ 3ರಂದು ಆರಂಭವಾಯಿತು. ಕ್ರಿಪ್ಟೋ ಎಂಬುದು ಗ್ರೀಕ್ ಮೂಲದ ಮಾತು. ಗುಪ್ತವಾದುದು ಎಂದು ಅದರ ಅರ್ಥ. ಗುಪ್ತಲಿಪಿಯ ಗಣಿತವನ್ನು ಆಧರಿಸಿದ ನಾಣ್ಯವಾದುದರಿಂದ ಇದಕ್ಕೂ ಇದರ ಬಳಗದ ಇತರ ನಾಣ್ಯಗಳಿಗೂ ಕ್ರಿಪ್ಟೋ ನಾಣ್ಯಗಳೆಂದು ಹೆಸರಾಯಿತು.

ಇದರ ಒಳಗುಟ್ಟನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಹಿಂದೆ ಕನ್ನಡ ನಾಡಿನ ವರ್ತಕರೂ ಮಠಮಾನ್ಯಗಳವರೂ ತಮ್ಮ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಡತದ ದೊಡ್ಡ ಅನುಕೂಲವೆಂದರೆ ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಅದರ ಅಪಾಯವೂ ಅದೇ. ಆದುದರಿಂದ ಕಡತಕ್ಕಿಂತ ಅದನ್ನು ಇಟ್ಟುಕೊಂಡವನ ಪ್ರಾಮಾಣಿಕತೆಯು ಮುಖ್ಯವಾಗಿದ್ದಿತು. ಈಗ ಒಂದು ಊರಿನ ಲೆಕ್ಕದ ಕಡತವು ಒಬ್ಬನ ಮನೆಯಲ್ಲಿರದೆ ಊರಿನ ಪ್ರತಿ ಮನೆಯಲ್ಲಿಯೂ ಒಂದೊಂದು ಪ್ರತಿಯಾಗಿ ಇದೆಯೆಂದು ಊಹಿಸಬೇಕು. ಯಾರು ಯಾರಿಗೆ ಹಣವನ್ನು ಕೊಟ್ಟರೂ ಎಲ್ಲ ಮನೆಗಳ ಕಡತಗಳಲ್ಲಿಯೂ ಅದೇ ಸಾಲು ಏರುತ್ತದೆ. ಒಬ್ಬನು ತನ್ನ ಪ್ರತಿಯಲ್ಲಿ ಒಂದು ಸಾಲನ್ನು ಒರಸಿದರೆ ಉಳಿದ ಪ್ರತಿಗಳು ಅವನ ಸುಳ್ಳನ್ನು ಹೊರಗೆಡಹುತ್ತವೆ. ಬಿಟ್‌ಕಾಯಿನ್ನಿನ ಲೆಕ್ಕವೂ ಹೀಗೆಯೇ ಪ್ರಪಂಚದ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲದಲ್ಲಿ ಇರುತ್ತದೆ.

ಈ ಲೆಕ್ಕದ ಒಂದೊಂದು ಪುಟಕ್ಕೂ ಬ್ಲಾಕ್ ಎಂದು ಹೆಸರು. ಸುಮಾರು ಹತ್ತು ನಿಮಿಷಕ್ಕೆ ಒಂದು ಹೊಸ ಪುಟ ಸೇರುತ್ತದೆ. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದಿಂದ ಗಣಿತರೀತ್ಯಾ ಪಡೆದ ಒಂದು ಮುದ್ರೆ ಇರುತ್ತದೆ. ಹಿಂದಿನ ಪುಟದಲ್ಲಿ ಒಂದು ಅಕ್ಷರವು ಬದಲಾದರೂ ಮುದ್ರೆಯು ಪೂರ್ತಿಯಾಗಿ ಬದಲಾಗುವುದರಿಂದ, ಪುಟಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಇದೇ ಬ್ಲಾಕ್‌ಚೈನ್. ಹೊಸ ಪುಟವನ್ನು ಸೇರಿಸುವ ಹಕ್ಕನ್ನು ಪಡೆಯಲು ಗಣಕಯಂತ್ರಗಳು ಒಂದು ಕಠಿನವಾದ ಅಂಕಿಯನ್ನು ಊಹೆಯಿಂದ ಹುಡುಕುತ್ತವೆ. ಮೊದಲು ಕಂಡುಕೊಂಡವರಿಗೆ ಹೊಸ ನಾಣ್ಯಗಳು ಬಹುಮಾನವಾಗಿ ದೊರೆಯುತ್ತವೆ. ಭೂಮಿಯನ್ನು ಅಗೆದು ಚಿನ್ನವನ್ನು ತೆಗೆದಂತೆ ಇರುವುದರಿಂದ ಈ ಕೆಲಸವನ್ನು ಗಣಿಗಾರಿಕೆಯೆಂದು ಕರೆಯುವರು. ಆರಂಭದಲ್ಲಿ ಪ್ರತಿ ಪುಟಕ್ಕೆ 50 ನಾಣ್ಯಗಳಿದ್ದ ಬಹುಮಾನವು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತ 2024ರಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳ ಸಂಖ್ಯೆ ಎಂದೆಂದಿಗೂ 2 ಕೋಟಿ 10 ಲಕ್ಷವನ್ನು ಮೀರದಂತೆ ಕಟ್ಟುಮಾಡಲಾಗಿದೆ. ನಾಣ್ಯದ ಒಡೆಯನ ಬಳಿ ಇರುವುದು ಒಂದು ಗುಪ್ತ ಕೀಲಿಕೈ ಮಾತ್ರ. ಅದೊಂದು ಬಹುದೊಡ್ಡ ಅಂಕಿ. ಅದನ್ನು ಬಲ್ಲವನೇ ನಾಣ್ಯವನ್ನು ಮತ್ತೊಬ್ಬರಿಗೆ ದಾಟಿಸಬಲ್ಲನು.

ಹೊಸ ಹಣವು ಹುಟ್ಟಿದರೆ ಸಾಲದು. ಅದಕ್ಕೆ ಬದಲಾಗಿ ವಸ್ತುವನ್ನು ಕೊಡುವವರೂ ಬೇಕು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾ ಪ್ರಾಂತದ ಒಬ್ಬ ಗಣಕ ತಜ್ಞನು ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್‌ಗಳನ್ನು ಕೊಟ್ಟನು. ಅಂದು ಅವುಗಳ ಬೆಲೆ ಕೆಲವು ಹತ್ತು ಡಾಲರುಗಳು ಮಾತ್ರ. ಮುಂದೆ ಅದೇ ನಾಣ್ಯಗಳ ಬೆಲೆ ಕೋಟಿಗಟ್ಟಲೆ ಡಾಲರುಗಳಿಗೆ ಏರಿತು. ಪ್ರವಾಸದ ಕ್ಷೇತ್ರವು ಈ ನಾಣ್ಯಕ್ಕೆ ಬೇಗನೆ ಬಾಗಿಲನ್ನು ತೆರೆಯಿತು. ಅದಕ್ಕೆ ಕಾರಣಗಳೂ ಇದ್ದವು. ಪ್ರವಾಸವೆಂದರೆ ಗಡಿಗಳನ್ನು ದಾಟುವುದು. ಈ ನಾಣ್ಯಕ್ಕೂ ಗಡಿಗಳಿಲ್ಲ. ವಿಮಾನದ ಟಿಕೆಟೂ ಹೋಟೆಲಿನ ಕೋಣೆಯೂ ಅಂತರ್ಜಾಲದಲ್ಲಿಯೇ ಮಾರಾಟವಾಗುವಂಥವು. ಮಾರಾಟದ ಬಳಿಕ ಹೊತ್ತು ತಲುಪಿಸಬೇಕಾದ ಸರಕು ಇಲ್ಲ. 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚೀಪ್ಏರ್ ಎಂಬ ಪ್ರವಾಸ ಸಂಸ್ಥೆಯು ವಿಮಾನದ ಟಿಕೆಟುಗಳಿಗೆ ಬಿಟ್‌ಕಾಯಿನ್ನನ್ನು ಸ್ವೀಕರಿಸತೊಡಗಿತು. 2014ರ ಜೂನಿನಲ್ಲಿ ಎಕ್ಸ್‌ಪೀಡಿಯಾ ಎಂಬ ಬೃಹತ್ ಸಂಸ್ಥೆಯು ಹೋಟೆಲುಗಳ ಕೋಣೆಗಳಿಗೆ ಅದನ್ನು ಒಪ್ಪಿಕೊಂಡಿತು. ಮರುತಿಂಗಳು ಬಾಲ್ಟಿಕ್ ಕಡಲ ತೀರದ ಪುಟ್ಟ ದೇಶವಾದ ಲಾಟ್ವಿಯಾದ ವಿಮಾನ ಸಂಸ್ಥೆ ಏರ್‌ಬಾಲ್ಟಿಕ್ ಈ ನಾಣ್ಯವನ್ನು ಸ್ವೀಕರಿಸಿದ ಮೊದಲ ವಿಮಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಇಂತಹ ಟಿಕೆಟಿನ ಹಣವು ಪಾವತಿಯಾಗುವ ಕ್ರಮವನ್ನು ಗಮನಿಸುವುದು ಒಳ್ಳೆಯದು. ಲಾಟ್ವಿಯಾದ ರಾಜಧಾನಿ ರೀಗಾದಿಂದ ಹೊರಡುವ ಒಂದು ವಿಮಾನದ ಟಿಕೆಟಿನ ಬೆಲೆ 100 ಯೂರೋ ಎಂದೂ, ಆ ಗಳಿಗೆಯಲ್ಲಿ ಒಂದು ನಾಣ್ಯದ ಬೆಲೆ 500 ಯೂರೋ ಎಂದೂ ಇಟ್ಟುಕೊಳ್ಳಬಹುದು. ಗಣಕಯಂತ್ರದ ತೆರೆಯ ಮೇಲೆ 0.2 ನಾಣ್ಯವನ್ನು ಕೊಡಬೇಕೆಂದು ಬರುತ್ತದೆ. ಅದರ ಪಕ್ಕದಲ್ಲಿ ಕಪ್ಪು ಬಿಳುಪು ಚೌಕಗಳ ಒಂದು ಚಿತ್ರಸಂಕೇತವಿರುತ್ತದೆ. ಈ ದರವು ಕೆಲವೇ ನಿಮಿಷಗಳವರೆಗೆ ಮಾತ್ರ ಊರ್ಜಿತ. ಅಷ್ಟರೊಳಗೆ ಪಯಣಿಗನು ತನ್ನ ಮೊಬೈಲಿನಿಂದ ಆ ಸಂಕೇತವನ್ನು ಓದಿಸಿ, ಗುಪ್ತ ಕೀಲಿಕೈಯ ಬಲದಿಂದ ನಾಣ್ಯವನ್ನು ಕಳುಹಿಸಬೇಕು. ಆ ನಾಣ್ಯವು ವಿಮಾನ ಸಂಸ್ಥೆಯ ಪೆಟ್ಟಿಗೆಯನ್ನು ಸೇರುವುದೆಂದು ಭಾವಿಸಿದರೆ ತಪ್ಪು. ನಡುವೆ ಒಂದು ವಿನಿಮಯ ಸಂಸ್ಥೆ ನಿಂತಿರುತ್ತದೆ. ಅದು ನಾಣ್ಯವನ್ನು ತಾನು ತೆಗೆದುಕೊಂಡು, ವಿಮಾನ ಸಂಸ್ಥೆಗೆ 100 ಯೂರೋಗಳನ್ನು ಕೊಡುತ್ತದೆ. ಏರ್‌ಬಾಲ್ಟಿಕ್, ಎಕ್ಸ್‌ಪೀಡಿಯಾಗಳ ವ್ಯವಹಾರವು ನಡೆದದ್ದು ಹೀಗೆಯೇ. ಮೂರನೆಯವನನ್ನು ಹೊರಗಟ್ಟಲೆಂದು ಹುಟ್ಟಿದ ನಾಣ್ಯವು ಮಾರುಕಟ್ಟೆಗೆ ಬಂದಾಗ ಹೊಸದೊಬ್ಬ ಮೂರನೆಯವನ ಕೈಹಿಡಿದೇ ಬಂದಿತು.

ಹೀಗಾಗಲು ಮುಖ್ಯ ಕಾರಣ ಬೆಲೆಯ ಏರಿಳಿತ. 2017ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ 20,000 ಡಾಲರುಗಳ ಸಮೀಪಕ್ಕೆ ಏರಿತು. ಒಂದು ವರ್ಷದ ಬಳಿಕ ಅದು 4,000 ಡಾಲರುಗಳಿಗಿಂತಲೂ ಕೆಳಗಿದ್ದಿತು. ವಿಮಾನ ಸಂಸ್ಥೆಯು ಇಂಧನಕ್ಕೂ ಸಿಬ್ಬಂದಿಯ ಸಂಬಳಕ್ಕೂ ಡಾಲರು, ಯೂರೋಗಳನ್ನು ತೆರಬೇಕಾಗಿರುವಾಗ, ಈ ಬಗೆಯ ಏರಿಳಿತವನ್ನು ತಡೆದುಕೊಳ್ಳುವುದು ಹೇಗೆ? ಇನ್ನು ಪಯಣಿಗನ ಮನಸ್ಸಿನ ತೊಳಲಾಟ ಬೇರೆ. ನಾಣ್ಯದ ಬೆಲೆಯು ಏರುವುದೆಂದು ನಂಬಿದವನು ಅದನ್ನು ಖರ್ಚು ಮಾಡಲು ಒಪ್ಪನು. ಇಳಿಯುವುದೆಂದು ಶಂಕಿಸುವ ವ್ಯಾಪಾರಿಯು ಅದನ್ನು ಇಟ್ಟುಕೊಳ್ಳಲು ಒಪ್ಪನು. ಮತ್ತೊಂದು ತೊಂದರೆಯೂ ತಲೆದೋರಿತು. ಬಿಟ್‌ಕಾಯಿನ್ನಿನ ಲೆಕ್ಕವು ಸೆಕೆಂಡಿಗೆ ಸುಮಾರು ಏಳು ವ್ಯವಹಾರಗಳನ್ನು ಮಾತ್ರ ದಾಖಲಿಸಬಲ್ಲದು. ಕಾರ್ಡಿನ ವ್ಯವಸ್ಥೆಗಳು ಸಾವಿರಾರನ್ನು ನಿಭಾಯಿಸುತ್ತವೆ. ನೂಕುನುಗ್ಗಲು ಹೆಚ್ಚಿದ 2017ರ ಕೊನೆಯಲ್ಲಿ ಒಂದು ವ್ಯವಹಾರವನ್ನು ದಾಖಲಿಸುವ ಶುಲ್ಕವೇ ಹಲವಾರು ಹತ್ತು ಡಾಲರುಗಳಿಗೆ ಏರಿತು. ಎಕ್ಸ್‌ಪೀಡಿಯಾ 2018ರ ಜೂನಿನಲ್ಲಿ ಬಿಟ್‌ಕಾಯಿನ್ ಸ್ವೀಕರಿಸುವುದನ್ನು ನಿಲ್ಲಿಸಿತು.

ತೊಡಕುಗಳು ಬಂದಂತೆ ಪರಿಹಾರಗಳನ್ನೂ ಹುಡುಕಲಾಯಿತು. ಸಣ್ಣ ವ್ಯವಹಾರಗಳನ್ನು ಮುಖ್ಯ ಕಡತದ ಹೊರಗೆ ಜಮೆಖರ್ಚು ಮಾಡಿಕೊಂಡು, ಕೊನೆಯ ಬಾಕಿಯನ್ನು ಮಾತ್ರ ಅದರಲ್ಲಿ ಬರೆಯುವ ಲೈಟ್ನಿಂಗ್ ಎಂಬ ಜಾಲವು ಬಂದಿತು. ಒಂದು ನಾಣ್ಯಕ್ಕೆ ಒಂದು ಡಾಲರೆಂದು ಬೆಲೆಯನ್ನು ಕಟ್ಟಿ, ಅದಕ್ಕೆ ಆಧಾರವಾಗಿ ಡಾಲರುಗಳನ್ನೂ ಸಾಲಪತ್ರಗಳನ್ನೂ ಇಟ್ಟುಕೊಳ್ಳುವ ಸ್ಥಿರನಾಣ್ಯಗಳು ಬಂದವು. ಇವುಗಳಿಂದ ಏರಿಳಿತದ ಭಯವು ತಗ್ಗಿತಾದರೂ ಆಧಾರವನ್ನು ಇಟ್ಟುಕೊಂಡ ಸಂಸ್ಥೆಯನ್ನು ನಂಬಲೇಬೇಕಾಯಿತು. ಸಾಕಷ್ಟು ಆಧಾರವಿಲ್ಲದೆ ಲೆಕ್ಕಾಚಾರದ ಚಾತುರ್ಯವನ್ನೇ ನೆಚ್ಚಿದ್ದ ಟೆರಾ ಎಂಬ ಸ್ಥಿರನಾಣ್ಯವು 2022ರ ಮೇ ತಿಂಗಳಿನಲ್ಲಿ ಕೆಲವೇ ದಿನಗಳಲ್ಲಿ ಕುಸಿದುಬಿದ್ದಿತು. ಇತ್ತ ಪ್ರವಾಸದ ಕ್ಷೇತ್ರದಲ್ಲಿ, 2017ರಲ್ಲಿ ಸ್ಥಾಪನೆಯಾದ ಟ್ರವಾಲಾ ಎಂಬ ಸಂಸ್ಥೆಯು ಕ್ರಿಪ್ಟೋ ನಾಣ್ಯಗಳಿಂದ ಕಾದಿರಿಸುವವರಿಗಾಗಿಯೇ ಅಂಗಡಿಯನ್ನು ತೆರೆಯಿತು. 2020ರಲ್ಲಿ ಅದು ಎಕ್ಸ್‌ಪೀಡಿಯಾದೊಡನೆ ಒಪ್ಪಂದ ಮಾಡಿಕೊಂಡಿತು. ಹೀಗೆ ಒಂದು ಬಾಗಿಲಿನಿಂದ ಹೊರಹೋದ ನಾಣ್ಯವು ಇನ್ನೊಂದು ಬಾಗಿಲಿನಿಂದ ಅದೇ ಮನೆಯ ಒಳಗೆ ಬಂದಿತು.

ಇಷ್ಟಾದರೂ ಎಲ್ಲಕ್ಕಿಂತ ಗಹನವಾದ ಪ್ರಶ್ನೆಯೊಂದು ಉಳಿಯುತ್ತದೆ. ಸಂತೆಯಲ್ಲಿ ತರಕಾರಿಯನ್ನು ಕೊಂಡವನು ಕಾಸನ್ನು ಕೊಟ್ಟ ಕೂಡಲೇ ಚೀಲವನ್ನು ತುಂಬಿಕೊಳ್ಳುತ್ತಾನೆ. ಅಲ್ಲಿಗೆ ವ್ಯಾಪಾರವು ಮುಗಿಯಿತು. ಟಿಕೆಟಿನ ವ್ಯಾಪಾರವು ಹಾಗಲ್ಲ. ಇಂದು ಹಣವನ್ನು ಕೊಟ್ಟವನಿಗೆ ದೊರೆಯುವುದು ಮೂರು ತಿಂಗಳ ಬಳಿಕ ಒಂದು ವಿಮಾನವು ಹೊರಡುವುದೆಂಬ, ಅದರಲ್ಲಿ ಅವನಿಗೊಂದು ಆಸನವಿರುವುದೆಂಬ ಭರವಸೆ. ಈ ಮಧ್ಯೆ ಏನು ಬೇಕಾದರೂ ಆಗಬಹುದು. ಪಯಣಿಗನು ಕಾಯಿಲೆ ಬೀಳಬಹುದು. ಮಳೆಗಾಳಿಯಿಂದ ವಿಮಾನವು ನಿಲ್ಲಬಹುದು. 2020ರಲ್ಲಿ ಕೋವಿಡ್ ಪಿಡುಗಿನಿಂದ ಆದಂತೆ ಪ್ರಪಂಚದ ಸಂಚಾರವೇ ಸ್ತಬ್ಧವಾಗಬಹುದು. ಆಗ ಹಣವು ಹಿಂದಿರುಗಬೇಕು. ಆದರೆ ಎಷ್ಟು ಹಿಂದಿರುಗಬೇಕು? ಮೇಲಿನ ಉದಾಹರಣೆಯ ಪಯಣಿಗನು ಕೊಟ್ಟದ್ದು 0.2 ನಾಣ್ಯ. ವಿಮಾನವು ರದ್ದಾಗುವ ವೇಳೆಗೆ ನಾಣ್ಯದ ಬೆಲೆ 1,000 ಯೂರೋ ಆಗಿದ್ದರೆ, 100 ಯೂರೋಗಳ ಲೆಕ್ಕದಲ್ಲಿ ಅವನಿಗೆ ಬರುವುದು 0.1 ನಾಣ್ಯ ಮಾತ್ರ. ಅವನ ದೃಷ್ಟಿಯಲ್ಲಿ ಅರ್ಧವು ನಷ್ಟವಾಯಿತು. ಬೆಲೆಯು 250 ಯೂರೋಗಳಿಗೆ ಇಳಿದಿದ್ದರೆ ಅದೇ ಲೆಕ್ಕದಲ್ಲಿ 0.4 ನಾಣ್ಯ ದೊರೆಯುತ್ತದೆ. ಟಿಕೆಟಿನ ಬೆಲೆಯನ್ನು ಯೂರೋಗಳಲ್ಲಿ ನಿಗದಿ ಮಾಡಿರುವುದರಿಂದ ವಿಮಾನ ಸಂಸ್ಥೆಯ ಲೆಕ್ಕದಲ್ಲಿ ಎರಡೂ ಸಂದರ್ಭಗಳಲ್ಲಿ ಅನ್ಯಾಯವಿಲ್ಲ. ಆದುದರಿಂದ ಮರುಪಾವತಿಯ ಷರತ್ತನ್ನು ಮೊದಲೇ ಓದದವನು ಅನಂತರ ಜಗಳವಾಡಿ ಪ್ರಯೋಜನವಿಲ್ಲ.

ವಿಮಾನ ಸಂಸ್ಥೆಯೋ ಮಾರಾಟಗಾರನೋ ಹಣವನ್ನು ಹಿಂದಿರುಗಿಸಲು ಒಪ್ಪದೆ ಹೋದರೆ? ಕಾರ್ಡಿನಿಂದ ಹಣ ಕೊಟ್ಟವನು ತನ್ನ ಬ್ಯಾಂಕಿಗೆ ದೂರು ಕೊಡಬಹುದು. ದೂರು ನಿಜವೆಂದು ಕಂಡರೆ ಬ್ಯಾಂಕು ಮಾರಾಟಗಾರನಿಂದ ಹಣವನ್ನು ಹಿಂದಕ್ಕೆ ಪಡೆದು ಕೊಡಬಹುದು. ಬ್ರಿಟನ್ನಿನಲ್ಲಿ 1974ರ ಒಂದು ಕಾಯಿದೆಯು, ಗೊತ್ತಾದ ಮೊತ್ತದ ಮಿತಿಯೊಳಗಿನ ಖರೀದಿಗಳಿಗೆ, ಸಾಲದ ಕಾರ್ಡನ್ನು ಕೊಟ್ಟ ಬ್ಯಾಂಕನ್ನೇ ಮಾರಾಟಗಾರನ ಜೊತೆಗೆ ಹೊಣೆಯಾಗಿಸಿದೆ. ಕ್ರಿಪ್ಟೋ ನಾಣ್ಯದಲ್ಲಿ ಇಂತಹ ಹಿಂಬಾಗಿಲು ಇಲ್ಲ. ಪುಟದಲ್ಲಿ ಏರಿದ ಸಾಲನ್ನು ಒರಸುವವರಿಲ್ಲ, ಕೊಟ್ಟದ್ದು ಕೊಟ್ಟಂತೆಯೇ. ಮಾರಾಟಗಾರನು ಪ್ರಾಮಾಣಿಕನಲ್ಲದಿದ್ದರೆ, 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯು ಅಕ್ಷರಶಃ ನಿಜವಾಗುತ್ತದೆ. ಮಾರಾಟಗಾರರಿಗೆ ಇದು ಅನುಕೂಲವೆಂಬುದನ್ನೂ ಮರೆಯಬಾರದು; ಕದ್ದ ಕಾರ್ಡುಗಳಿಂದ ಟಿಕೆಟನ್ನು ಕೊಂಡು ಮೋಸ ಮಾಡುವವರಿಂದ ಅವರು ಬಹಳ ನಷ್ಟವನ್ನು ಅನುಭವಿಸಿದ್ದಾರೆ. ಒಬ್ಬರಿಗೆ ರಕ್ಷಣೆಯಾದುದು ಮತ್ತೊಬ್ಬರಿಗೆ ಅಪಾಯವಾಗುವುದು ಹೀಗೆ.

ಈ ರಕ್ಷಣೆಯ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಘಟನೆಯೊಂದು 2019ರಲ್ಲಿ ನಡೆಯಿತು. ಆ ವರ್ಷದ ಸೆಪ್ಟೆಂಬರ್ 23ರಂದು, 1841ರ ಆ ರೈಲು ಪ್ರವಾಸದಿಂದ ಬೆಳೆದುಬಂದ ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆಯು ದಿವಾಳಿಯೆದ್ದಿತು. ಭಾರತದಲ್ಲಿ ಅದೇ ಹೆಸರಿನ ಸಂಸ್ಥೆಯು ಬೇರೆ ಒಡೆತನದಲ್ಲಿದ್ದುದರಿಂದ ಅದಕ್ಕೆ ಈ ಆಘಾತವು ತಟ್ಟಲಿಲ್ಲ. ಆದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಪ್ರವಾಸಿಗಳು ಪರದೇಶಗಳಲ್ಲಿ ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದ ಟಿಕೆಟುಗಳು ಬರಿಯ ಕಾಗದದ ಚೂರುಗಳಾದವು. ಆದರೂ ಅವರು ಬೀದಿಪಾಲಾಗಲಿಲ್ಲ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವು ಬೇರೆ ವಿಮಾನಗಳನ್ನು ಬಾಡಿಗೆಗೆ ಪಡೆದು ಸುಮಾರು ಎರಡು ವಾರಗಳಲ್ಲಿ ಅವರನ್ನು ಸ್ವದೇಶಕ್ಕೆ ಕರೆತಂದಿತು. 1970ರ ದಶಕದಿಂದಲೂ ಇಂತಹ ವಿಪತ್ತಿಗಾಗಿ ಅಲ್ಲಿ ಒಂದು ರಕ್ಷಣಾ ವ್ಯವಸ್ಥೆಯಿದೆ. ಪ್ರವಾಸವನ್ನು ಮಾರುವ ಸಂಸ್ಥೆಗಳು ಪ್ರತಿ ಪ್ರವಾಸಿಯ ಹೆಸರಿನಲ್ಲಿ ಎರಡೂವರೆ ಪೌಂಡುಗಳನ್ನು ಅದರ ನಿಧಿಗೆ ಕಟ್ಟುತ್ತಿದ್ದವು. ಈ ಸಣ್ಣ ಕಾಣಿಕೆಯು ಕಷ್ಟಕಾಲದಲ್ಲಿ ಲಕ್ಷಾಂತರ ಜನರಿಗೆ ಆಸರೆಯಾಯಿತು. ಹಣವನ್ನು ಕೊಡುವ ಸಾಧನವು ಎಷ್ಟೇ ಚತುರವಾಗಿದ್ದರೂ ಇಂತಹ ಆಸರೆಯನ್ನು ಅದು ತಾನಾಗಿ ಕೊಡಲಾರದು. ಅದನ್ನು ಕಾನೂನೂ ಸಮಾಜವೂ ಕೂಡಿ ಕಟ್ಟಬೇಕು.

ಕ್ರಿಪ್ಟೋ ನಾಣ್ಯವನ್ನು ಇಟ್ಟುಕೊಂಡವನ ಹೊಣೆಯೂ ಅಷ್ಟೇ ಭಾರವಾದುದು. ಪ್ರವಾಸಿ ಚೆಕ್ಕು ಕಳೆದರೆ ಬೇರೊಂದು ಸಿಗುತ್ತಿತ್ತು; ಗುಪ್ತ ಕೀಲಿಕೈಯನ್ನು ಕಳೆದುಕೊಂಡವನಿಗೆ ಬೇರೊಂದನ್ನು ಮಾಡಿಕೊಡುವವರಿಲ್ಲ. ಆ ಭಾರವನ್ನು ಹೊರಲಾರದವರು ತಮ್ಮ ನಾಣ್ಯಗಳನ್ನು ವಿನಿಮಯ ಸಂಸ್ಥೆಗಳ ವಶಕ್ಕೆ ಕೊಡುತ್ತಾರೆ. ಅಲ್ಲಿಯೂ ಅಪಾಯವು ತಪ್ಪಿದ್ದಲ್ಲ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಎಂಬ ವಿನಿಮಯ ಸಂಸ್ಥೆಯು ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್‌ಗಳು ಕಾಣೆಯಾದವೆಂದು ಹೇಳಿ ಬಾಗಿಲು ಮುಚ್ಚಿತು; ಅವುಗಳಲ್ಲಿ ಎರಡು ಲಕ್ಷದಷ್ಟು ಮಾತ್ರ ಮುಂದೆ ಪತ್ತೆಯಾದವು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಮತ್ತೊಂದು ದೊಡ್ಡ ಸಂಸ್ಥೆಯು ಮುಳುಗಿತು.

ಹಾಗಾದರೆ ಈ ನಾಣ್ಯವು ಪಯಣಿಗನಿಗೆ ನಿರುಪಯುಕ್ತವೆ? ಹಾಗೆಂದು ತೀರ್ಮಾನಿಸುವುದೂ ಸರಿಯಲ್ಲ. ಕೆಲವು ದೇಶಗಳು ಇದನ್ನು ಪ್ರವಾಸೋದ್ಯಮದ ಏಳಿಗೆಗೆ ಬಳಸಲು ಯತ್ನಿಸಿವೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ದೇಶವು 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನ್ನಿಗೆ ಅಧಿಕೃತ ಹಣದ ಸ್ಥಾನವನ್ನು ಕೊಟ್ಟಿತು. ಆದರೆ ಜನರು ದಿನಬಳಕೆಗೆ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ ಮಾಡಿಕೊಂಡ ಸಾಲದ ಒಪ್ಪಂದದ ಬಳಿಕ, 2025ರ ಜನವರಿಯಲ್ಲಿ ಕಾನೂನನ್ನು ತಿದ್ದಿ, ಸ್ವೀಕರಿಸುವುದನ್ನು ವ್ಯಾಪಾರಿಗಳ ಇಚ್ಛೆಗೆ ಬಿಡಲಾಯಿತು. ಭಾರತದ ನೆರೆಯ ಭೂತಾನವು ಬೇರೊಂದು ದಾರಿಯನ್ನು ಹಿಡಿಯಿತು. ಹಿಮಾಲಯದ ನದಿಗಳಿಂದ ಉತ್ಪಾದಿಸಿದ ಜಲವಿದ್ಯುತ್ತನ್ನು ಬಳಸಿ ಆ ದೇಶವು ತಾನೇ ಬಿಟ್‌ಕಾಯಿನ್ ಗಣಿಗಾರಿಕೆಯನ್ನು ನಡೆಸಿದೆ. 2025ರ ಮೇ ತಿಂಗಳಿನಲ್ಲಿ ಅದು ಪ್ರವಾಸಿಗಳಿಗಾಗಿ ಕ್ರಿಪ್ಟೋ ಪಾವತಿಯ ಏರ್ಪಾಡನ್ನು ದೇಶವ್ಯಾಪಿಯಾಗಿ ಆರಂಭಿಸಿತು. ವಿಮಾನದ ಟಿಕೆಟು, ವೀಸಾ ಶುಲ್ಕ, ಹೋಟೆಲಿನ ಬಾಡಿಗೆ, ಪ್ರವಾಸಿಗಳು ದಿನಲೆಕ್ಕದಲ್ಲಿ ದೇಶಕ್ಕೆ ಸಲ್ಲಿಸಬೇಕಾದ ಸುಸ್ಥಿರಾಭಿವೃದ್ಧಿ ಶುಲ್ಕ, ಇವುಗಳನ್ನು ನಾಣ್ಯಗಳಿಂದ ತೆರಬಹುದು. ಪ್ರವಾಸಿಯು ಸಂಕೇತವನ್ನು ಮೊಬೈಲಿನಿಂದ ಓದಿಸಿ ನಾಣ್ಯವನ್ನು ಕೊಡುತ್ತಾನೆ. ಅಂಗಡಿಯವನಿಗೆ ಅಲ್ಲಿಯ ಒಂದು ಬ್ಯಾಂಕಿನ ಮೂಲಕ ಸೇರುವುದು ದೇಶದ ಹಣವಾದ ಙುಲ್ಟ್ರಮ್. ಕಾರ್ಡಿನ ಯಂತ್ರವನ್ನು ಕೊಳ್ಳಲಾರದ ಸಣ್ಣ ವ್ಯಾಪಾರಿಗೂ ಇದರಿಂದ ಪರದೇಶದ ಗಿರಾಕಿ ದೊರೆಯುವಂತಾಯಿತು. ಬೆಲೆಯ ಏರಿಳಿತದ ಹೊರೆಯು ಅವನ ಮೇಲೆ ಬೀಳಲಿಲ್ಲ. ಇಲ್ಲಿಯೂ ಬ್ಯಾಂಕೆಂಬ ಮೂರನೆಯವನು ನಡುವೆ ಇದ್ದಾನೆಂಬುದನ್ನು ಗಮನಿಸಬೇಕು.

ಭಾರತದಲ್ಲಿ ಈ ನಾಣ್ಯಗಳು ಅಧಿಕೃತ ಹಣವಲ್ಲ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇವುಗಳ ವ್ಯವಹಾರಕ್ಕೆ ನೆರವಾಗದಂತೆ ಬ್ಯಾಂಕುಗಳನ್ನು ನಿರ್ಬಂಧಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಇಂತಹ ನಾಣ್ಯಗಳ ವರ್ಗಾವಣೆಯಿಂದ ಬಂದ ಲಾಭಕ್ಕೆ ನೂರಕ್ಕೆ 30ರಂತೆ ತೆರಿಗೆಯನ್ನು ವಿಧಿಸಲಾಯಿತು. ನಾಣ್ಯವನ್ನು ಕೊಟ್ಟು ಟಿಕೆಟನ್ನು ಪಡೆಯುವುದೂ ಒಂದು ವರ್ಗಾವಣೆಯೇ. ಕಡಮೆ ಬೆಲೆಗೆ ಕೊಂಡ ನಾಣ್ಯವು ಏರಿದ ಮೇಲೆ ಅದರಿಂದ ಪ್ರಯಾಣ ಮಾಡಿದವನು ಆ ಏರಿಕೆಯ ಮೇಲೆ ತೆರಿಗೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ. ಈ ನಡುವೆ ರಿಸರ್ವ್ ಬ್ಯಾಂಕು ತಾನೇ ಡಿಜಿಟಲ್ ರೂಪಾಯಿಯೊಂದನ್ನು ರೂಪಿಸಿ, 2022ರ ಡಿಸೆಂಬರ್ 1ರಂದು ಮುಂಬಯಿ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಜನಸಾಮಾನ್ಯರ ಬಳಕೆಗೆ ಪ್ರಾಯೋಗಿಕವಾಗಿ ತಂದಿತು. ಇದು ಕೈಯಲ್ಲಿ ಹಿಡಿಯಲಾಗದ ಹಣವಾದರೂ ಇದರ ಬೆನ್ನ ಹಿಂದೆ ರಿಸರ್ವ್ ಬ್ಯಾಂಕಿನ ಮಾತು ಇದೆ.

ಆಗ್ರಾದ ಹುಂಡಿಯಿಂದ ಭೂತಾನದ ಸಂಕೇತದವರೆಗಿನ ಈ ಕಥೆಯಲ್ಲಿ ಪಯಣಿಗನ ಗಂಟು ಹಗುರವಾಗುತ್ತ ಬಂದಿದೆ. ಲೋಹವು ಕಾಗದವಾಯಿತು, ಕಾಗದವು ಕಾರ್ಡಾಯಿತು, ಕಾರ್ಡು ಅಂಕಿಯಾಯಿತು. ಇದು ಮಾನವನ ಬುದ್ಧಿಶಕ್ತಿಗೆ ಹೆಮ್ಮೆಯ ವಿಷಯ. ಹಣವು ಸರಿಯಾಗಿ ತಲುಪಿತೆಂಬುದನ್ನು ಗಣಿತವು ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸಿ ತೋರಿಸಬಲ್ಲದು. ಆದರೆ ಹಣವನ್ನು ಪಡೆದವನು ಮಾತನ್ನು ಉಳಿಸಿಕೊಳ್ಳುವನೆಂಬುದನ್ನು ಗಣಿತವು ಸಾಧಿಸಲಾರದು. ಗೊತ್ತಾದ ದಿನ ವಿಮಾನವು ಹೊರಡಬೇಕು, ಹೋಟೆಲಿನ ಬಾಗಿಲು ತೆರೆಯಬೇಕು, ತಪ್ಪಾದರೆ ಕೇಳಿದಾಗ ಉತ್ತರ ಕೊಡುವವರಿರಬೇಕು. ಪರಸ್ಥಳದಲ್ಲಿ ಹೆಸರಿಲ್ಲದೆ ನಿಂತ ಪಯಣಿಗನಿಗೆ ಅಂದೂ ಇಂದೂ ಬೇಕಾದದ್ದು ಇದೇ. ಆದುದರಿಂದ ಯಾವ ಹಣದಿಂದ ಟಿಕೆಟನ್ನು ಕೊಳ್ಳಬಹುದೆಂದು ಕೇಳುವವನು, ಪ್ರಯಾಣವು ನಡೆಯದಿದ್ದರೆ ಯಾರು ಹೊಣೆಯೆಂಬುದನ್ನೂ ಅದೇ ಉಸಿರಿನಲ್ಲಿ ಕೇಳಬೇಕು. ಎರಡನೆಯ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆತ ಮೇಲೆ ಮೊದಲನೆಯದಕ್ಕೆ ಉತ್ತರವನ್ನು ಆರಿಸಿಕೊಳ್ಳುವುದು ಕಷ್ಟವಾಗದು.